ಲೈಟ್ ಹಾಕಿದ ಕೂಡಲೇ ಆಯಿಲ್ ಬಿಸಿಯಾಗುತ್ತದೆ: ಮನೆಯಲ್ಲಿ ಕಟ್ಟಿದ ವಿಮಾನದ ಪ್ಯಾನೆಲ್ ವೈರಿಂಗ್

ಅಡಿಕೆಚಪ್ಪರ, ತೀರ್ಥಹಳ್ಳಿ · ಸೆಪ್ಟೆಂಬರ್ 9

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ನಾನು ಕಟ್ಟುತ್ತಿರುವ ಎರಡು ಸೀಟಿನ ವಿಮಾನದ ವಿಷಯ ಇಲ್ಲಿ ಕೆಲವರಿಗೆ ಗೊತ್ತು. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಬಟ್ಟೆಯ ಹೊದಿಕೆ, ಮುಂದೆ ನೂರು ಅಶ್ವಶಕ್ತಿಯ ರೋಟ್ಯಾಕ್ಸ್ 912. ಬ್ಯಾಟರಿ ಸೀಟಿನ ಹಿಂದೆ. ಇಡೀ ಮಳೆಗಾಲ ಅಡಿಕೆ ಒಣಗಿಸುವ ಚಪ್ಪರದೊಳಗೆ ಕುಳಿತು ಪ್ಯಾನೆಲ್ ವೈರಿಂಗ್ ಮಾಡಿದೆ. ಎಡಗಡೆ ವೇಗದ ಮೀಟರ್, ಎತ್ತರದ ಮೀಟರ್, ಏರಿಳಿತದ ಮೀಟರ್, ನಡುವೆ ರೇಡಿಯೋ, ಬಲಗಡೆ ಎಂಜಿನ್ನಿನ ಗೇಜುಗಳು. ಕೆಳಗೆ ಸ್ವಿಚ್‌ಗಳು ಮತ್ತು ಬ್ರೇಕರ್‌ಗಳು ಒಂದೇ ಸಾಲಿನಲ್ಲಿ. ನೋಡಲು ಚೆನ್ನಾಗಿಯೇ ಇದೆ, ಫೋಟೋ ಹಾಕಿದ್ದೇನೆ. ತೊಂದರೆ ಇರುವುದು ನಡತೆಯಲ್ಲಿ.

ನಿನ್ನೆ ಚಕ್ರಕ್ಕೆ ಮರದ ಅಡೆ ಕೊಟ್ಟು ಅಂಗಳದಲ್ಲಿ ಎಂಜಿನ್ ಚಾಲೂ ಮಾಡಿದೆ. ಹತ್ತು ನಿಮಿಷದ ನಂತರ ಆಯಿಲ್ ಟೆಂಪರೇಚರ್ 78 ಡಿಗ್ರಿ. ಲ್ಯಾಂಡಿಂಗ್ ಲೈಟ್ ಹಾಕಿದೆ, ಮುಳ್ಳು ನೇರ 91ಕ್ಕೆ ಏರಿತು. ಲೈಟ್ ಆರಿಸಿದೆ, ಮತ್ತೆ 78. ರೇಡಿಯೋದ ಮಾತಾಡುವ ಗುಂಡಿ ಒತ್ತಿದರೆ ಅದೇ ಮುಳ್ಳು ಕೆಳಗೆ ಬಿದ್ದು ಸೊನ್ನೆಯ ಗೂಟಕ್ಕೆ ಬಡಿಯುತ್ತದೆ. ಗೇಜ್ ಕೆಟ್ಟಿರಬೇಕೆಂದು ಇನ್ನೊಂದನ್ನು ಹಾಕಿ ನೋಡಿದೆ. ಅದೂ ಹಾಗೆಯೇ ಕುಣಿಯುತ್ತದೆ.

ಅಕ್ಟೋಬರ್ ಕೊನೆಗೆ ಕೊಯ್ಲು ಶುರು. ಅಷ್ಟರೊಳಗೆ ಚಪ್ಪರ ಖಾಲಿ ಮಾಡಿಕೊಡಬೇಕೆಂದು ಅಮ್ಮನ ಆಜ್ಞೆಯಾಗಿದೆ. ಯಾರಾದರೂ ದಾರಿ ತೋರಿಸಿ.

ಸಾಗರದ ವೈರ್‌ಮನ್ · ಸೆಪ್ಟೆಂಬರ್ 9

ನಾನು ವಿಮಾನವನ್ನು ಮುಟ್ಟಿದವನಲ್ಲ. ಜೀಪು, ಟ್ರ್ಯಾಕ್ಟರ್, ಅಡಿಕೆ ಸುಲಿಯುವ ಯಂತ್ರ ಇಷ್ಟೇ ನನ್ನ ಲೋಕ. ಆದರೆ ಮೂರು ಲೀಟರ್ ಆಯಿಲ್ ಒಂದು ಸ್ವಿಚ್ ಹಾಕಿದ ಕ್ಷಣದಲ್ಲಿ ಹದಿಮೂರು ಡಿಗ್ರಿ ಬಿಸಿಯಾಗುವುದಿಲ್ಲ ಮಾರಾಯರೇ. ಅಲ್ಲಿ ಬಿಸಿಯಾದದ್ದು ಆಯಿಲ್ ಅಲ್ಲ, ಸುಳ್ಳು ಹೇಳುತ್ತಿರುವುದು ಅರ್ತ್.

ಹಳೆಯ ಜೀಪಿನಲ್ಲಿ ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಹೊತ್ತಿಕೊಳ್ಳುವುದನ್ನು ನೋಡಿದ್ದೀರಲ್ಲ? ಹಿಂದಿನ ದೀಪದ ಅರ್ತ್ ತುಕ್ಕು ಹಿಡಿದಿರುತ್ತದೆ, ಕರೆಂಟ್ ಬೇರೆ ದಾರಿ ಹುಡುಕಿಕೊಳ್ಳುತ್ತದೆ. ನಿಮ್ಮ ಗೇಜಿನದ್ದೂ ಅದೇ ಜಾತಿಯ ಕಾಯಿಲೆ. ನೆಗೆಟಿವ್ ವೈರ್‌ಗಳನ್ನು ಹೇಗೆ ಎಳೆದಿದ್ದೀರಿ ಹೇಳಿ.

ಕೊಪ್ಪದ ತೋಟಗಾರ · ಸೆಪ್ಟೆಂಬರ್ 10

ಎಲೆಚುಕ್ಕೆ ರೋಗದಿಂದ ತೋಟ ಹೋಗುತ್ತಿದೆ, ಕೊಳೆರೋಗಕ್ಕೆ ಮೂರನೇ ಸಲ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆದು ಸಾಕಾಗಿದೆ. ಇಲ್ಲೊಬ್ಬರು ಚಪ್ಪರದಲ್ಲಿ ವಿಮಾನ ಕಟ್ಟುತ್ತಿದ್ದಾರೆ. ಇದಕ್ಕೆ ಸರ್ಕಾರ ಬಿಡುತ್ತದೆಯೇ?

ಅಡಿಕೆಚಪ್ಪರ · ಸೆಪ್ಟೆಂಬರ್ 10

ತೋಟಗಾರರೇ, ನನ್ನ ತೋಟಕ್ಕೂ ಮೂರು ಸಲ ಹೊಡೆದಾಗಿದೆ, ಸಂಜೆಯ ಹೊತ್ತು ನನ್ನದು. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಅನುಮತಿ ಇಲ್ಲದೆ ಚಕ್ರ ನೆಲ ಬಿಡುವುದಿಲ್ಲ, ಆ ಕಡತ ಬೇರೆ ಓಡಾಡುತ್ತಿದೆ. ಮುಂಬೈನ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಕಟ್ಟಿದ ವಿಮಾನಕ್ಕೆ 2017ರಲ್ಲಿ ನೋಂದಣಿ ಸಿಕ್ಕಿತು. ಅವರು ಎಷ್ಟು ವರ್ಷ ಅಲೆದರೆಂಬುದನ್ನು ಓದಿಕೊಂಡೇ ಇದಕ್ಕೆ ಕೈ ಹಾಕಿದ್ದೇನೆ.

ವೈರ್‌ಮನ್ ಅಣ್ಣಾ, ನೆಗೆಟಿವ್ ಹೀಗಿದೆ: ಆಯಿಲ್ ಗೇಜಿನಿಂದ ಪ್ರೆಷರ್ ಗೇಜಿಗೆ, ಅಲ್ಲಿಂದ ವೋಲ್ಟ್‌ಮೀಟರಿಗೆ, ಅಲ್ಲಿಂದ ರೇಡಿಯೋಗೆ, ಮಾಲೆ ಪೋಣಿಸಿದ ಹಾಗೆ. ಲ್ಯಾಂಡಿಂಗ್ ಲೈಟಿನ ವಾಪಸ್ ವೈರ್ ಕೂಡ ಅದೇ ಮಾಲೆಗೆ ಸೇರುತ್ತದೆ. ಕೊನೆಗೆ ಒಂದೇ ಕಪ್ಪು ವೈರ್, ದಪ್ಪದಲ್ಲಿ 20 ಗೇಜಿನದ್ದು (ಈ ಸಂಖ್ಯೆ ಹೆಚ್ಚಿದಷ್ಟೂ ವೈರ್ ತೆಳು), ಸುಮಾರು ಎರಡೂವರೆ ಮೀಟರ್, ಸೀಟಿನ ಹಿಂದಿನ ಬ್ಯಾಟರಿಗೆ ಹೋಗುತ್ತದೆ. ಎಂಜಿನ್ನಿನಿಂದ ಬ್ಯಾಟರಿಗೆ ಬೇರೆ ದಪ್ಪ ಕೇಬಲ್ ಇದೆ.

ನಿವೃತ್ತ ಏವಿಯಾನಿಕ್ಸ್, ಶಿವಮೊಗ್ಗ · ಸೆಪ್ಟೆಂಬರ್ 10

ಮಾಲೆ ದೇವರಿಗೆ ಸರಿ. ನೆಗೆಟಿವ್‌ಗೆ ಅಲ್ಲ.

ಮೂವತ್ತೊಂದು ವರ್ಷ ಹ್ಯಾಂಗರಿನಲ್ಲಿ ಇದನ್ನೇ ಬಿಡಿಸುತ್ತಾ ಕಳೆದೆ. ಊಹೆ ಬೇಡ, ಅಳೆಯೋಣ. ಎಂಜಿನ್ ನಿಂತಿರಲಿ, ಬ್ಯಾಟರಿಯಲ್ಲೇ ಮಾಡಿ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಕಪ್ಪು ಮೊನೆಯನ್ನು ಎಂಜಿನ್ನಿನ ಬರಿಯ ಲೋಹಕ್ಕೆ, ಕೆಂಪು ಮೊನೆಯನ್ನು ಆಯಿಲ್ ಗೇಜಿನ ನೆಗೆಟಿವ್ ತಿರುಪಿಗೆ ಒತ್ತಿ ಹಿಡಿಯಿರಿ. ಲೈಟ್ ಆರಿಸಿ ಒಮ್ಮೆ, ಹಾಕಿ ಒಮ್ಮೆ ಬರೆದುಕೊಳ್ಳಿ. ಎರಡು ನೆಗೆಟಿವ್‌ಗಳ ನಡುವೆ ಏನೂ ಇರಬಾರದು. ಲೈಟ್ ಎಷ್ಟು ಆಂಪಿಯರ್ ಎಳೆಯುತ್ತದೆ, ಉಳಿದದ್ದೆಲ್ಲ ಸೇರಿ ಎಷ್ಟು ಎಂಬುದನ್ನೂ ತಿಳಿಸಿ.

ಹೊಸನಗರದ ಇಸಿ ವಿದ್ಯಾರ್ಥಿನಿ · ಸೆಪ್ಟೆಂಬರ್ 10

ಸರ್, ಒಂದು ಸಂದೇಹ. ಅರ್ತ್ ಕೆಟ್ಟರೆ ಮುಳ್ಳು ಕೆಳಗೆ ಬೀಳಬೇಕಲ್ಲವೇ? ಇಲ್ಲಿ ಮೇಲೆ ಹೋಗುತ್ತಿದೆ.

ನಿವೃತ್ತ ಏವಿಯಾನಿಕ್ಸ್ · ಸೆಪ್ಟೆಂಬರ್ 10

ಒಳ್ಳೆಯ ಪ್ರಶ್ನೆ ತಂಗಿ. ಆಯಿಲ್ ಸೆನ್ಸರಿನ ಒಳಗಿರುವುದು ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಕಡಿಮೆಯಾಗುವ ವಸ್ತು. ಸೆನ್ಸರಿಗೆ ಪ್ರತ್ಯೇಕ ನೆಗೆಟಿವ್ ವೈರ್ ಇಲ್ಲ, ಎಂಜಿನ್ನಿನ ಮೈಯೇ ಅದರ ನೆಗೆಟಿವ್. ಗೇಜ್ ಮಾತ್ರ ತನ್ನದೇ ನೆಗೆಟಿವ್ ತಿರುಪನ್ನು ಸೊನ್ನೆ ಎಂದು ನಂಬಿ ಅಳೆಯುತ್ತದೆ. ಲೈಟಿನ ಕರೆಂಟ್ ಆ ತೆಳು ವೈರಿನಲ್ಲಿ ನುಗ್ಗಿದಾಗ ಗೇಜಿನ ಸೊನ್ನೆ ಮೇಲೇಳುತ್ತದೆ. ಸೆನ್ಸರಿನ ತುದಿ ಇದ್ದಲ್ಲೇ ಇರುತ್ತದೆ. ಹಾಗಾಗಿ ಅಂತರ ಕಿರಿದಾಗಿ ಕಾಣುತ್ತದೆ. ಗೇಜಿನ ಪ್ರಕಾರ ಅಂತರ ಕಿರಿದಾಯಿತು ಎಂದರೆ ರೆಸಿಸ್ಟೆನ್ಸ್ ಇಳಿಯಿತು, ಅಂದರೆ ಆಯಿಲ್ ಕಾದಿದೆ. ತಾನು ನಿಂತ ಮಣೆಯನ್ನು ಎತ್ತರಿಸಿಕೊಂಡು ಎದುರಿನವನು ಕುಳ್ಳಗಾದ ಎಂದ ಹಾಗೆ.

ಅಡಿಕೆಚಪ್ಪರ · ಸೆಪ್ಟೆಂಬರ್ 12

ಎರಡು ದಿನ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಈಗ ಅಳತೆ ಕೇಳಿ. ಲೈಟ್ ಆರಿಸಿದಾಗ 0.07 ವೋಲ್ಟ್. ಹಾಕಿದಾಗ 0.41. ಲೈಟ್ ಎಳೆಯುವುದು 3 ಆಂಪಿಯರ್, ಉಳಿದದ್ದೆಲ್ಲ ಸೇರಿ 0.6.

ಹೊಸನಗರದ ಇಸಿ ವಿದ್ಯಾರ್ಥಿನಿ · ಸೆಪ್ಟೆಂಬರ್ 12

ಲೆಕ್ಕ ಹಾಕಿದೆ. 3 ಆಂಪಿಯರ್ ಹೆಚ್ಚಾದಾಗ 0.34 ವೋಲ್ಟ್ ಹೆಚ್ಚಾಗಿದೆ. ಅಂದರೆ ದಾರಿಯ ರೆಸಿಸ್ಟೆನ್ಸ್ 0.113 ಓಮ್. 20 ಗೇಜಿನ ತಾಮ್ರ ಮೀಟರಿಗೆ ಸುಮಾರು 33 ಮಿಲಿಓಮ್, ಎರಡೂವರೆ ಮೀಟರಿಗೆ 0.083. ಇನ್ನೂ 0.03 ಓಮ್ ಉಳಿಯುತ್ತದೆ. ಅದು ವೈರಿನದ್ದಲ್ಲ. ಎಲ್ಲಿ ಹೋಯಿತು?

ಸಾಗರದ ವೈರ್‌ಮನ್ · ಸೆಪ್ಟೆಂಬರ್ 12

ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ಲಗ್‌ನಲ್ಲಿ ಹೋಗಿದೆ ತಂಗಿ, ಇನ್ನೆಲ್ಲಿಗೆ ಹೋಗುತ್ತದೆ. ಚಪ್ಪರದವರೇ, ಕಪ್ಪು ವೈರಿನ ಎರಡೂ ತುದಿಯ ಲಗ್ ಹಿಡಿದು ಗಟ್ಟಿಯಾಗಿ ಎಳೆಯಿರಿ. ಮುಲಾಜು ಬೇಡ.

ಅಡಿಕೆಚಪ್ಪರ · ಸೆಪ್ಟೆಂಬರ್ 12

ಬ್ಯಾಟರಿ ಕಡೆಯದ್ದು ಕೈಗೆ ಬಂತು! ನೀಲಿ ಲಗ್.

ನಿವೃತ್ತ ಏವಿಯಾನಿಕ್ಸ್ · ಸೆಪ್ಟೆಂಬರ್ 12

ಸಿಕ್ಕಿಬಿದ್ದಿತು. ನೀಲಿ ಇರುವುದು 16 ಮತ್ತು 14 ಗೇಜಿನ ವೈರಿಗೆ. 20 ಗೇಜಿಗೆ ಕೆಂಪು ಹಾಕಬೇಕು. ನೀಲಿಯ ಹೊಟ್ಟೆಯೊಳಗೆ ತೆಳು ವೈರ್ ಹಾಕಿ ಒತ್ತಿದರೆ ಹೊರಗಿನ ಪ್ಲಾಸ್ಟಿಕ್ ಚಪ್ಪಟೆಯಾಗಿ ನೋಡಲು ಸರಿಯಾಗಿಯೇ ಇರುತ್ತದೆ, ಒಳಗೆ ಎಳೆಗಳು ಸಡಿಲವಾಗಿ ಓಡಾಡುತ್ತವೆ. ಎಂಜಿನ್ ಅದುರಿದಂತೆಲ್ಲ ಎಳೆ ಒಂದೊಂದೇ ತುಂಡಾಗುತ್ತದೆ. ಯಾವುದರಿಂದ ಒತ್ತಿದಿರಿ?

ಅಡಿಕೆಚಪ್ಪರ · ಸೆಪ್ಟೆಂಬರ್ 12

ಕಟಿಂಗ್ ಪ್ಲೇಯರಿನಿಂದ. ಆ ದಿನ ಕೆಂಪು ಲಗ್ ಮುಗಿದಿತ್ತು, ಹೊರಗೆ ಮಳೆ, ತೀರ್ಥಹಳ್ಳಿಗೆ ಹೋಗುವ ಮನಸ್ಸಿರಲಿಲ್ಲ. ಬೈಯಿರಿ.

ನಿವೃತ್ತ ಏವಿಯಾನಿಕ್ಸ್ · ಸೆಪ್ಟೆಂಬರ್ 12

ಬೈದು ಪ್ರಯೋಜನವಿಲ್ಲ, ಮಾಡುವುದನ್ನು ಹೇಳುತ್ತೇನೆ. ಒತ್ತು ಪೂರ್ತಿಯಾಗುವವರೆಗೆ ಬಾಯಿ ಬಿಡದ ರ‍್ಯಾಚೆಟ್ ಕ್ರಿಂಪಿಂಗ್ ಟೂಲ್ ಕೊಳ್ಳಿ. ಇಷ್ಟು ಖರ್ಚು ಮಾಡಿದ ಮೇಲೆ ಅದರಲ್ಲಿ ಜಿಪುಣತನ ಬೇಡ. ಎಂಜಿನ್ನಿನ ದಪ್ಪ ಕೇಬಲ್ ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಬೆಂಕಿತಡೆ ಗೋಡೆ) ಹತ್ತಿರ ಸೇರುವ ಬೋಲ್ಟಿಗೆ ಒಂದು ಹಿತ್ತಾಳೆ ಪಟ್ಟಿ ಕೂರಿಸಿ. ಪ್ರತಿ ಗೇಜಿನ ನೆಗೆಟಿವ್ ಪ್ರತ್ಯೇಕ ವೈರಿನಲ್ಲಿ ಆ ಪಟ್ಟಿಗೆ ಬರಲಿ. ರೇಡಿಯೋ ತನ್ನದೇ ವೈರಿನಲ್ಲಿ ಬರಲಿ. ಲೈಟಿನ ವಾಪಸ್ ವೈರ್ ಪ್ಯಾನೆಲ್ಲಿನ ಮುಖವನ್ನೇ ನೋಡದೆ ನೇರ ಪಟ್ಟಿಗೆ ಹೋಗಲಿ. ಎಲ್ಲ ಕರೆಂಟುಗಳೂ ಒಂದೇ ಮನೆಗೆ ಬರಬೇಕು, ಆದರೆ ಒಬ್ಬರ ಅಂಗಳದಲ್ಲಿ ಇನ್ನೊಬ್ಬರು ಹಾದು ಬರಬಾರದು.

ಬ್ರೇಕರ್‌ಗಳ ಅಳತೆಯನ್ನೂ ಒಮ್ಮೆ ನೋಡಿಕೊಳ್ಳಿ. ಬ್ರೇಕರ್ ಇರುವುದು ವೈರನ್ನು ಕಾಯಲು, ಉಪಕರಣವನ್ನು ಕಾಯಲು ಅಲ್ಲ. 22 ಗೇಜಿಗೆ 5, 18 ಗೇಜಿಗೆ 10 ಆಂಪಿಯರ್. ಪದೇಪದೇ ಬಿದ್ದಿತೆಂದು ದೊಡ್ಡ ಬ್ರೇಕರ್ ಹಾಕಿದರೆ ವೈರೇ ಫ್ಯೂಸ್ ಆಗುತ್ತದೆ, ಅದೂ ನಿಮ್ಮ ಮೊಣಕಾಲಿನ ಹತ್ತಿರ.

ಸಾಗರದ ವೈರ್‌ಮನ್ · ಸೆಪ್ಟೆಂಬರ್ 13

ಬರೀ ಕ್ರಿಂಪ್ ಸಾಕೆನ್ನುವುದಕ್ಕೆ ನನ್ನ ತಕರಾರಿದೆ. ಕ್ರಿಂಪ್ ಮಾಡಿದ ಮೇಲೆ ಒಂದು ಚೂರು ಬೆಸುಗೆಯ ಸೀಸ ಬಿಟ್ಟರೆ ಜನ್ಮದಲ್ಲಿ ಬಿಡುವುದಿಲ್ಲ. ಮೂವತ್ತು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ, ಒಂದು ಗಾಡಿಯೂ ವಾಪಸ್ ಬಂದಿಲ್ಲ.

ನಿವೃತ್ತ ಏವಿಯಾನಿಕ್ಸ್ · ಸೆಪ್ಟೆಂಬರ್ 13

ಸೀಸ ವೈರಿನ ಎಳೆಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಏರುತ್ತದೆ. ಏರಿದಷ್ಟು ದೂರ ವೈರ್ ಕಡ್ಡಿಯಾಗುತ್ತದೆ, ಅದು ನಿಂತಲ್ಲಿಂದ ಮುಂದೆ ಮೆತ್ತಗೆ. ಅದುರುವಾಗ ಬಾಗುವುದೆಲ್ಲ ಆ ಗಡಿಯಲ್ಲೇ, ತುಂಡಾಗುವುದೂ ಅಲ್ಲೇ. ಬೆಸುಗೆ ಹಾಕಲೇಬಾರದು ಎಂದು ನಾನು ಹೇಳುವುದಿಲ್ಲ. ಹಾಕಿದರೆ ಅದರ ಹಿಂದೆಯೇ ವೈರನ್ನು ಅಲುಗದಂತೆ ಕಟ್ಟಬೇಕು.

ಸಾಗರದ ವೈರ್‌ಮನ್ · ಸೆಪ್ಟೆಂಬರ್ 13

ಹಾಂ, ಕಟ್ಟುತ್ತೇನೆ. ಅದಕ್ಕೇ ವಾಪಸ್ ಬಂದಿಲ್ಲ ಅನ್ನಿಸುತ್ತದೆ.

ಅಡಿಕೆಚಪ್ಪರ · ಸೆಪ್ಟೆಂಬರ್ 15

ಕೆಲಸ ನಡೆಯುತ್ತಿದೆ. ಕನೆಕ್ಟರ್‌ಗಳನ್ನು ಕಳಚಿ ಪ್ಯಾನೆಲ್ಲನ್ನು ಪೂರ್ತಿ ಹೊರತೆಗೆದು ಊಟದ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ನಡುವೆ ಬಿಡುವಾದಾಗ ಆಯಿಲ್ ಮಟ್ಟ ನೋಡೋಣವೆಂದು ಪ್ರೊಪೆಲ್ಲರ್ ತಿರುಗಿಸಿ ಬಂದೆ. ವೈರ್ ಬಗ್ಗೆ ಒಂದು ಪ್ರಶ್ನೆ:

ನಿವೃತ್ತ ಏವಿಯಾನಿಕ್ಸ್ · ಸೆಪ್ಟೆಂಬರ್ 15

ಪ್ರಶ್ನೆ ಆಮೇಲೆ. ಪ್ಯಾನೆಲ್ ಮೇಜಿನ ಮೇಲಿದೆ, ಅಂದರೆ ಇಗ್ನಿಷನ್ ಸ್ವಿಚ್‌ಗಳೂ ಮೇಜಿನ ಮೇಲಿವೆ. ಆಗ ನೀವು ಪ್ರೊಪೆಲ್ಲರ್ ತಿರುಗಿಸಿದಿರೇ?

912ರ ಎರಡೂ ಇಗ್ನಿಷನ್‌ಗಳು ತಮಗೆ ಬೇಕಾದ ವಿದ್ಯುತ್ತನ್ನು ಎಂಜಿನ್ನಿನೊಳಗಿನ ಸುರುಳಿಗಳಿಂದ ತಾವೇ ಪಡೆಯುತ್ತವೆ. ಬ್ಯಾಟರಿ ಕಳಚಿದರೂ ಕಿಡಿ ಬರುತ್ತದೆ. ಸ್ವಿಚ್ ಆಫ್ ಮಾಡುವುದೆಂದರೆ ಆ ವೈರನ್ನು ಅರ್ತ್‌ಗೆ ಮುಟ್ಟಿಸುವುದು. ಮನೆಯ ಸ್ವಿಚ್ಚಿಗೆ ಪೂರಾ ಉಲ್ಟಾ: ಇಲ್ಲಿ ವೈರ್ ತುಂಡಾದರೆ ಎಂಜಿನ್ ಆಫ್ ಅಲ್ಲ, ಆನ್. ಕನೆಕ್ಟರ್ ಕಳಚಿದ ಕ್ಷಣದಿಂದ ನಿಮ್ಮ ಎಂಜಿನ್ ಎಚ್ಚರವಾಗಿದೆ.

ಕೈಯಲ್ಲಿ ತಿರುಗಿಸುವ ವೇಗಕ್ಕೆ ಕಿಡಿ ಬರುವುದಿಲ್ಲ ಎಂದು ಯಾರಾದರೂ ಹೇಳಿಯಾರು. ಆ ವಾದವನ್ನು ಪ್ರೊಪೆಲ್ಲರಿನ ಮುಂದೆ ನಿಂತು ಪರೀಕ್ಷಿಸಬೇಡಿ. ಎರಡೂ ಇಗ್ನಿಷನ್ ವೈರ್‌ಗಳ ತುದಿಯನ್ನು ಈಗಲೇ ಎಂಜಿನ್ನಿನ ಲೋಹಕ್ಕೆ ಬಿಗಿದು ಕಟ್ಟಿ, ಪ್ರೊಪೆಲ್ಲರಿಗೆ ಕೆಂಪು ಬಟ್ಟೆ ಕಟ್ಟಿ. ಮನೆಯಲ್ಲಿ ಮಕ್ಕಳಿದ್ದರೆ ಅವರಿಗೂ ಹೇಳಿ.

ಅಡಿಕೆಚಪ್ಪರ · ಸೆಪ್ಟೆಂಬರ್ 15

ಕಟ್ಟಿ ಬಂದೆ ಸರ್. ಕೈ ಇನ್ನೂ ನಡುಗುತ್ತಿದೆ. ಆಯಿಲ್ ಕ್ರ್ಯಾಂಕ್‌ಕೇಸಿನಿಂದ ಟ್ಯಾಂಕಿಗೆ ವಾಪಸ್ ಬಂದು ಗುಳುಗುಳು ಸದ್ದು ಕೇಳುವವರೆಗೆ ಹತ್ತಿಪ್ಪತ್ತು ಸಲ ತಿರುಗಿಸಿದ್ದೆ.

ಪ್ರಶ್ನೆ ಇದು: ಮನೆಗೆ ತಂದ ಪಿವಿಸಿ ವೈರ್ ಒಂದು ಸುರುಳಿ ಉಳಿದಿದೆ, ಲೈಟಿಗೆ ಅದನ್ನೇ ಹಾಕಬಹುದೇ?

ನಿವೃತ್ತ ಏವಿಯಾನಿಕ್ಸ್ · ಸೆಪ್ಟೆಂಬರ್ 15

ಬೇಡ. ಪಿವಿಸಿ ಸುಟ್ಟರೆ ಬರುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ. ಮನೆಯಲ್ಲಾದರೆ ಅಂಗಳಕ್ಕೆ ಓಡಬಹುದು. ಟೆಫ್ಜೆಲ್ ಹೊದಿಕೆಯ ವೈರ್ 150 ಡಿಗ್ರಿಯವರೆಗೆ ತಡೆಯುತ್ತದೆ, ಉಳಿದದ್ದಕ್ಕೆಲ್ಲ ಹಾಕಿದ್ದೀರಲ್ಲ, ಇದಕ್ಕೂ ಅದನ್ನೇ ಹಾಕಿ. ಅದರ ಸಿಪ್ಪೆ ಜಾರುತ್ತದೆ, ಬ್ಲೇಡಿನಲ್ಲಿ ಸುಲಿದರೆ ಒಳಗಿನ ಎಳೆಗೆ ಗಾಯವಾಗುತ್ತದೆ. ಸರಿಯಾದ ಸ್ಟ್ರಿಪ್ಪರ್ ಬಳಸಿ.

ಕೊಪ್ಪದ ತೋಟಗಾರ · ಸೆಪ್ಟೆಂಬರ್ 16

ಎಲ್ಲವನ್ನೂ ಓದುತ್ತಾ ಇದ್ದೇನೆ, ತಮಾಷೆ ಮಾಡಿದ್ದು ಬೇಜಾರಾಗಿದ್ದರೆ ಕ್ಷಮಿಸಿ. ನೀವು ಮೊದಲ ದಿನ ಹಾಕಿದ ಫೋಟೋದಲ್ಲಿ ಪ್ಯಾನೆಲ್ಲಿನ ಹಿಂದೆ ಗೋಡೆಗೆ ಒರಗಿಸಿಟ್ಟ ಮೂಟೆ ಮೈಲುತುತ್ತದ್ದಲ್ಲವೇ? ನಮ್ಮ ಮನೆಯಲ್ಲಿ ಅದರ ಪಕ್ಕ ಇಟ್ಟ ಅಲ್ಯೂಮಿನಿಯಂ ಬಿಂದಿಗೆ ಒಂದೇ ಮಳೆಗಾಲದಲ್ಲಿ ತೂತು ಬಿದ್ದಿತು. ನಿಮ್ಮ ಪ್ಯಾನೆಲ್ಲಿನ ಹಲಗೆ ಯಾವ ಲೋಹ?

ಅಡಿಕೆಚಪ್ಪರ · ಸೆಪ್ಟೆಂಬರ್ 16

ಅಲ್ಯೂಮಿನಿಯಂ. ಅಯ್ಯೋ ದೇವರೇ.

ನಿವೃತ್ತ ಏವಿಯಾನಿಕ್ಸ್ · ಸೆಪ್ಟೆಂಬರ್ 16

ತೋಟಗಾರರು ಹೇಳಿದ್ದು ನೂರಕ್ಕೆ ನೂರು ಸರಿ, ನನಗೆ ಹೊಳೆದಿರಲಿಲ್ಲ. ಮೈಲುತುತ್ತವೆಂದರೆ ತಾಮ್ರದ ಉಪ್ಪು, ತೇವದ ಜೊತೆ ಸೇರಿದರೆ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಆ ಮೂಟೆ, ದ್ರಾವಣ ಕಲಸುವ ಡ್ರಮ್ಮು, ಸ್ಪ್ರೇಯರ್ ಇವೆಲ್ಲ ಇಂದೇ ಬೇರೆ ಕಡೆಗೆ ಹೋಗಲಿ. ಹಲಗೆಯ ತೂತುಗಳ ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತದೆಯೇ ನೋಡಿ. ಸಿಂಪಡಿಸಿ ಬಂದ ಕೈಯಲ್ಲಿ ವೈರಿಂಗ್‌ಗೆ ಕೂರಬೇಡಿ.

ಅಡಿಕೆಚಪ್ಪರ · ಸೆಪ್ಟೆಂಬರ್ 28

ಹಿತ್ತಾಳೆ ಪಟ್ಟಿ, ಪ್ರತ್ಯೇಕ ವೈರ್‌ಗಳು, ಹೊಸ ಟೂಲ್, ಎಲ್ಲ ಆಯಿತು. ಬಿಳಿ ಪುಡಿ ಎರಡು ತೂತುಗಳಲ್ಲಿ ಮಾತ್ರ ಇತ್ತು, ತಿಕ್ಕಿ ಪ್ರೈಮರ್ ಹಚ್ಚಿದೆ. ಅದೇ ಎರಡು ಮೊನೆ, ಅದೇ ಅಳತೆ: ಲೈಟ್ ಹಾಕಿದರೂ 10 ಮಿಲಿವೋಲ್ಟ್ ದಾಟುವುದಿಲ್ಲ. ಆಯಿಲ್ ಮುಳ್ಳು ಲೈಟಿಗೆ ಕ್ಯಾರೇ ಎನ್ನುವುದಿಲ್ಲ.

ಆದರೆ ಮಾತಾಡುವ ಗುಂಡಿ ಒತ್ತಿದರೆ ಈಗಲೂ ಸೊನ್ನೆಗೆ ಬೀಳುತ್ತದೆ.

ಭದ್ರಾವತಿ ಹ್ಯಾಮ್ · ಸೆಪ್ಟೆಂಬರ್ 28

ಈಗ ಹವ್ಯಾಸಿ ರೇಡಿಯೋದವನಾದ ನನ್ನ ಸರದಿ. ಮೊದಲಿನಿಂದಲೂ ನನಗೆ ಅನುಮಾನವಿತ್ತು: ಲೈಟಿಗೆ ಮುಳ್ಳು ಮೇಲೆ ಹೋಗುತ್ತಿತ್ತು, ಗುಂಡಿಗೆ ಕೆಳಗೆ. ಒಂದೇ ರೋಗವಾದರೆ ಎರಡು ದಿಕ್ಕಿಗೆ ಎಳೆಯುವುದಿಲ್ಲ.

ಆಂಟೆನಾ ಕಳಚಿ ಆ ಜಾಗಕ್ಕೆ 50 ಓಮಿನ ಡಮ್ಮಿ ಲೋಡ್ ಹಾಕಿ ಗುಂಡಿ ಒತ್ತಿ. ರೇಡಿಯೋ ಅಷ್ಟೇ ಕರೆಂಟ್ ಎಳೆಯುತ್ತದೆ, ಆದರೆ ಅಲೆ ಹೊರಗೆ ಹೋಗುವುದಿಲ್ಲ. ಮುಳ್ಳು ಆಗಲೂ ಬಿದ್ದರೆ ವೈರಿಂಗ್ ದೋಷ. ಸುಮ್ಮನಿದ್ದರೆ ಆಂಟೆನಾದ ದೋಷ. ಎರಡೂ ಹಾಕದೆ ಬರಿಯ ಬಾಯಿಗೆ ಗುಂಡಿ ಒತ್ತಬೇಡಿ, ರೇಡಿಯೋ ಸುಟ್ಟೀತು.

ಇನ್ನೊಂದು ಮಾತು ಜೋರಾಗಿ ಹೇಳುತ್ತೇನೆ. ಸೋಗಾನೆಯ ಶಿವಮೊಗ್ಗ ವಿಮಾನ ನಿಲ್ದಾಣದಲ್ಲಿ 2023ರಿಂದ ವಿಮಾನಗಳು ಇಳಿಯುತ್ತಿವೆ. ಪರವಾನಗಿ ಇಲ್ಲದೆ ವಿಮಾನಗಳು ಮಾತಾಡುವ ತರಂಗಪಟ್ಟಿಯಲ್ಲಿ ಹಲೋ ಟೆಸ್ಟಿಂಗ್ ಎನ್ನುವ ಹಾಗಿಲ್ಲ. 121.5 ಮೆಗಾಹರ್ಟ್ಸ್ ಅಂತೂ ಆಪತ್ತಿನ ತರಂಗ, ಅದನ್ನು ಕನಸಿನಲ್ಲೂ ಮುಟ್ಟಬೇಡಿ. ಇಲ್ಲಿಯವರೆಗೆ ಆಂಟೆನಾ ಹಾಕಿ ಒತ್ತಿದ್ದು ಸಾಕು.

ಅಡಿಕೆಚಪ್ಪರ · ಅಕ್ಟೋಬರ್ 3

ತಪ್ಪಾಯಿತು, ಇನ್ನು ಒತ್ತುವುದಿಲ್ಲ. ಡಮ್ಮಿ ಲೋಡ್ ಬೆಂಗಳೂರಿನಿಂದ ಬಸ್ಸಿನ ಪಾರ್ಸೆಲ್‌ನಲ್ಲಿ ಬಂತು. ಹಾಕಿ ಒತ್ತಿದೆ. ಮುಳ್ಳು ಕಲ್ಲಿನ ಹಾಗೆ ನಿಂತಿದೆ.

ಭದ್ರಾವತಿ ಹ್ಯಾಮ್ · ಅಕ್ಟೋಬರ್ 3

ಹಾಗಾದರೆ ಆಂಟೆನಾ ಎಲ್ಲಿದೆ, ಅದರ ಬುಡದಲ್ಲಿ ಏನಿದೆ?

ಅಡಿಕೆಚಪ್ಪರ · ಅಕ್ಟೋಬರ್ 3

ಸೀಟಿನ ಹಿಂದೆ, ಬೆನ್ನಿನ ಮೇಲೆ. ಬುಡದಲ್ಲಿ ಅಂಗೈ ಅಗಲದ ತಗಡು, ಸುತ್ತ ಬಟ್ಟೆ.

ಭದ್ರಾವತಿ ಹ್ಯಾಮ್ · ಅಕ್ಟೋಬರ್ 3

ಅದೇ ಕಾರಣ. ನೆಟ್ಟಗೆ ನಿಂತ ಆಂಟೆನಾ ಅರ್ಧ ಮಾತ್ರ, ಉಳಿದರ್ಧ ಅದರ ಕಾಲಡಿಯ ಲೋಹದ ನೆಲ. ಇಡೀ ಮೈ ಅಲ್ಯೂಮಿನಿಯಂ ಆಗಿರುವ ವಿಮಾನಕ್ಕೆ ಆ ನೆಲ ತಾನಾಗಿಯೇ ಇರುತ್ತದೆ. ನಿಮ್ಮದು ಬಟ್ಟೆ. ನೆಲ ಸಿಗದ ಅಲೆ ಕೇಬಲಿನ ಹೊರಮೈಯನ್ನೇ ಹಿಡಿದು ಕ್ಯಾಬಿನ್ನಿಗೆ ಇಳಿದು ಬರುತ್ತದೆ, ಗೇಜಿನ ವೈರುಗಳು ಅದನ್ನು ಹಿಡಿದುಕೊಳ್ಳುತ್ತವೆ.

ಬಟ್ಟೆಯ ಒಳಗೆ ಆಂಟೆನಾದ ಬುಡದಿಂದ ನಾಲ್ಕು ದಿಕ್ಕಿಗೆ ತಾಮ್ರದ ಪಟ್ಟಿ ಎಳೆಯಿರಿ. ಉದ್ದ ಅಲೆಯ ಕಾಲು ಭಾಗ. ನಿಮ್ಮ ರೇಡಿಯೋದ ತರಂಗಪಟ್ಟಿ 118ರಿಂದ 137 ಮೆಗಾಹರ್ಟ್ಸ್, ನಡುವಿನ 127 ಹಿಡಿದರೆ ಸುಮಾರು 59 ಸೆಂಟಿಮೀಟರ್. ತಾಮ್ರದ ಪಟ್ಟಿಗಳು ಆಂಟೆನಾದ ಬುಡದ ಲೋಹಕ್ಕೆ ಚೆನ್ನಾಗಿ ಮುಟ್ಟಬೇಕು. ಹೊರಮೈಯ ಅಲೆಯನ್ನು ತಡೆಯಲು ಕೇಬಲ್ ಮೇಲೆ ಎರಡು ಫೆರೈಟ್ ಮಣಿ ಹಾಕಿ. ಪರೀಕ್ಷೆಗೆ ಆಂಟೆನಾವನ್ನು ಅಳೆಯುವ ಅನಲೈಸರ್ ತೆಗೆದುಕೊಂಡು ನಾನೇ ಬರುತ್ತೇನೆ, ಅದರ ಅಲೆ ಅಂಗಳವನ್ನೂ ದಾಟುವುದಿಲ್ಲ. ಊಟಕ್ಕೆ ಏನು?

ಅಡಿಕೆಚಪ್ಪರ · ಅಕ್ಟೋಬರ್ 3

ಕೆಸುವಿನ ಪತ್ರೊಡೆ. ಖಂಡಿತ ಬನ್ನಿ.

ಹೊಸನಗರದ ಇಸಿ ವಿದ್ಯಾರ್ಥಿನಿ · ಅಕ್ಟೋಬರ್ 4

ಹೆಡ್‌ಸೆಟ್ಟಿನ ಜ್ಯಾಕುಗಳನ್ನು ಹಲಗೆಗೆ ನೇರ ಬಿಗಿದಿದ್ದೀರಾ? ಅವುಗಳ ಮೈ ಲೋಹದ ಹಲಗೆಗೆ ಮುಟ್ಟಿದರೆ ಅಲ್ಲೊಂದು ಕಳ್ಳದಾರಿಯ ಅರ್ತ್ ಆಗಿ ಕಿವಿಯಲ್ಲಿ ಗುಂಯ್ ಎನ್ನುತ್ತದೆ ಎಂದು ಓದಿದ್ದೇನೆ.

ನಿವೃತ್ತ ಏವಿಯಾನಿಕ್ಸ್ · ಅಕ್ಟೋಬರ್ 4

ಸರಿಯಾಗಿ ಓದಿದ್ದೀಯ. ನೈಲಾನ್ ವಾಷರ್ ಹಾಕಬೇಕು, ವೈರಿನ ಸುತ್ತಲಿನ ಲೋಹದ ಜಾಲರಿಯಾದ ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಬೇಕು. ರಜೆಯಲ್ಲಿ ಒಮ್ಮೆ ಶಿವಮೊಗ್ಗಕ್ಕೆ ಬಾ ತಂಗಿ, ನನ್ನ ಹಳೆಯ ಟೂಲ್ ಪೆಟ್ಟಿಗೆ ಮನೆಯಲ್ಲಿ ಸುಮ್ಮನೆ ಬಿದ್ದಿದೆ.

ಕೊಪ್ಪದ ತೋಟಗಾರ · ಅಕ್ಟೋಬರ್ 5

ವೇಗದ ಮೀಟರಿಗೆ ಗಾಳಿ ಹೋಗುವ ಕೊಳವೆಯ ಬಾಯಿಗೆ ಏನಾದರೂ ಮುಚ್ಚಿದ್ದೀರಾ? ನಮ್ಮಲ್ಲಿ ಕುಂಬಾರ ಹುಳ ಬೀಗದ ತೂತನ್ನೂ ಬಿಡುವುದಿಲ್ಲ, ಎರಡು ದಿನದಲ್ಲಿ ಮಣ್ಣು ಮೆತ್ತಿ ಮೊಟ್ಟೆ ಇಟ್ಟಿರುತ್ತದೆ.

ಅಡಿಕೆಚಪ್ಪರ · ಅಕ್ಟೋಬರ್ 5

ಈಗ ನೋಡಿ ಬಂದೆ. ಮಣ್ಣು ಇದೆ. ತೋಟಗಾರರೇ, ನೀವು ವಿಮಾನ ಕಟ್ಟಬೇಕಿತ್ತು.

ಅಡಿಕೆಚಪ್ಪರ · ಅಕ್ಟೋಬರ್ 19

ಭದ್ರಾವತಿಯವರು ನಿನ್ನೆ ಬಂದಿದ್ದರು. ತಾಮ್ರದ ಪಟ್ಟಿ ನಾಲ್ಕು, ಮಣಿ ಎರಡು. ಆಂಟೆನಾವನ್ನು ಅನಲೈಸರ್ ಒಪ್ಪಿತು, ಅವರೂ ಒಪ್ಪಿದರು, ಪತ್ರೊಡೆಯನ್ನೂ ಒಪ್ಪಿದರು. ಗಾಳಿಗೆ ಅಲೆ ಬಿಟ್ಟು ನೋಡುವ ಅಂತಿಮ ಪರೀಕ್ಷೆ ಪರವಾನಗಿ ಕೈಗೆ ಬಂದ ದಿನ. ಅಲ್ಲಿಯವರೆಗೆ ಗುಂಡಿಯ ಮೇಲೆ ಟೇಪ್ ಅಂಟಿಸಿದ್ದೇನೆ.

ಸಂಜೆ ಎಂಜಿನ್ ಓಡಿಸಿದೆ. ಆಯಿಲ್ 82. ಲೈಟ್ ಹಾಕಿದೆ, 82. ಆರಿಸಿದೆ, 82. ನಂಬಿಕೆಯಾಗದೆ ಹನ್ನೊಂದು ಸಲ ಹಾಕಿ ಆರಿಸಿದೆ. ಹನ್ನೆರಡನೆಯ ಸಲಕ್ಕೆ ಅಮ್ಮ ಜಗುಲಿಗೆ ಬಂದರು. ಅಂಗಳದ ಆಚೆ ತುದಿಯವರೆಗೂ ಬಿದ್ದ ಬೆಳಕನ್ನು ಸ್ವಲ್ಪ ಹೊತ್ತು ನೋಡಿದರು. ಕೊಯ್ಲಿನ ಹೊತ್ತಿನಲ್ಲಿ ಕರೆಂಟ್ ಹೋದರೆ ಅಡಿಕೆ ಸುಲಿಯುವವರಿಗೆ ಈ ದೀಪವನ್ನು ಇತ್ತ ಕಡೆ ತಿರುಗಿಸಿ ಇಡಲಾಗುತ್ತದೆಯೇ ಎಂದು ಕೇಳಿದರು. ಚಪ್ಪರ ಖಾಲಿ ಮಾಡುವ ಮಾತನ್ನು ಎತ್ತಲಿಲ್ಲ.

ಸಾಗರದ ವೈರ್‌ಮನ್ · ಅಕ್ಟೋಬರ್ 19

ಮೂರು ಆಂಪಿಯರ್ ಎಳೆಯುವ ದೀಪ, ರಾತ್ರಿಯಿಡೀ ಹಾಕಿದರೆ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಅಮ್ಮನವರಿಗೆ ನಾನೊಂದು ಟ್ರ್ಯಾಕ್ಟರ್ ಬ್ಯಾಟರಿ ಕಳಿಸುತ್ತೇನೆ.